ಹೆಸರು ಬರೆಯಬೇಕಾಗಿಲ್ಲ

ಪ್ರೇರಣೆ! ಆ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ವರ್ಷಕ್ಕೊಂದು ಸಲ ನಮ್ಮ ಕೇಂದ್ರದಲ್ಲಿ ಒಂದು ಕಾಗದ ಹಂಚುತ್ತಾರೆ. "ಇಲ್ಲಿ ಕೆಲಸ ಮಾಡಲು ನಿಮಗೆ ಪ್ರೇರಣೆ ಏನು?" ಅಂತ ಮೇಲೆ ಅಚ್ಚಾಗಿರುತ್ತದೆ. ಕೆಳಗೆ ಅರ್ಧ ಪುಟ ಖಾಲಿ ಜಾಗ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಹೆಸರು ಬರೆಯಬೇಕಾಗಿಲ್ಲ". ಕೌಂಟರಿನಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು ಅದನ್ನು ತುಂಬಿ ಒಂದು ಡಬ್ಬಿಗೆ ಹಾಕಬೇಕು. ಹತ್ತೊಂಬತ್ತು ವರ್ಷದಿಂದ ಆ ಡಬ್ಬಿಯ ಧೂಳು ಒರೆಸಿದವಳು ನಾನು. ನನ್ನನ್ನು ಯಾರೂ ಆ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದೆ, ಹೊಟ್ಟೆ ಅಂತ.

ವಿಶ್ವವಿದ್ಯಾಲಯದ ಭಾಷಾ ಕಲಿಕಾ ಕೇಂದ್ರ ಅಂದ ತಕ್ಷಣ ಅರಮನೆ ಅಂದುಕೊಳ್ಳಬೇಡಿ. ಗ್ರಂಥಾಲಯದ ಹಿಂದಿನ ಮೆಟ್ಟಿಲು ಹತ್ತಿ ಎರಡನೇ ಮಹಡಿಗೆ ಬಂದರೆ ಒಂದು ಉದ್ದನೆಯ ಹಾಲ್. ಒಂದು ಗೋಡೆಗೆ ಒತ್ತಿಕೊಂಡು ಹನ್ನೆರಡು ಬೂತ್. ಒಂದೊಂದರಲ್ಲಿ ಒಂದು ಕಂಪ್ಯೂಟರ್, ಒಂದು ಹೆಡ್‌ಫೋನ್, ಒಂದು ಕುರ್ಚಿ, ಒಳಗಿನ ಸದ್ದು ಹೊರಗೆ ಬಾರದಂಥ ದಪ್ಪ ಬಾಗಿಲು. ಬೇರೆ ದೇಶದ ಭಾಷೆ ಕಲಿಯುವವರು ಅಲ್ಲಿ ಕೂತು ಪಾಠ ಕೇಳುತ್ತಾರೆ, ಕೇಳಿದ್ದನ್ನು ತಾವೂ ಹೇಳುತ್ತಾರೆ, ಹೇಳಿದ್ದು ರೆಕಾರ್ಡ್ ಆಗಿ ಅವರ ಕಿವಿಗೇ ವಾಪಸು ಬರುತ್ತದೆ. ಯಾರಿಗೆ ಯಾವ ಪಾಠ ಬೇಕೋ ಹಾಕಿಕೊಡುವುದು, ರಿಜಿಸ್ಟರಿನಲ್ಲಿ ಬರೆಸಿಕೊಳ್ಳುವುದು, ಹೆಡ್‌ಫೋನ್ ಒರೆಸಿಡುವುದು ಎಲ್ಲ ಕೌಂಟರಿನ ವಿದ್ಯಾರ್ಥಿಗಳ ಕೆಲಸ. ಓದಿನ ಮಧ್ಯೆ ದಿನಕ್ಕೆ ಎರಡು ಗಂಟೆಯ ಪಾಳಿ. ನಾನು ಅಟೆಂಡರ್. ಬೀಗದ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತೇನೆ ಅಂತ ಹುಡುಗರೆಲ್ಲ ನನ್ನನ್ನು ಬೀಗದಕ್ಕ ಅಂತಾರೆ.

ಆ ಮಕ್ಕಳ ಪ್ರೇರಣೆ ನನಗೆ ಗೊತ್ತಿಲ್ಲವೇ? ಒಬ್ಬನಿಗೆ ಹಾಸ್ಟೆಲಿನ ಸೆಕೆ ತಡೆಯಲಾಗದೆ ಇಲ್ಲಿಯ ಎ.ಸಿ. ಬೇಕು. ಒಬ್ಬಳಿಗೆ ಪುಕ್ಕಟೆ ಪ್ರಿಂಟು. ಮೂರನೇ ಬೂತಿಗೆ ಬರುವ ಹುಡುಗಿಯ ಮುಖ ನೋಡುವುದಕ್ಕೇ ಒಬ್ಬ ಎರಡು ವರ್ಷ ದುಡಿದ, ಕೊನೆಗೆ ಅವಳು ಇನ್ನೊಬ್ಬನ ಜೊತೆ ಹೋದಳು, ಇವನಿಗೆ ಒಂದು ಪರಭಾಷೆ ಬಂತು. ಮನೆಗೆ ಹೋದರೆ ಕುಡುಕ ಅಪ್ಪನ ಕೂಗಾಟ ಅಂತ ಇಲ್ಲೇ ಹೊತ್ತು ಕಳೆಯುವವರೂ ಇದ್ದರು. ಇದರಲ್ಲಿ ತಪ್ಪೇನಿದೆ ಹೇಳಿ? ಆದರೆ ಕಾಗದ ಕೈಗೆ ಬಂದ ಕೂಡಲೇ ಎಲ್ಲರೂ ಸಂತರಾಗಿಬಿಡುತ್ತಾರೆ. ಅದರಲ್ಲೂ ಒಬ್ಬನಿದ್ದ, ಬಾಯಿ ತೆಗೆದರೆ ಮುಚ್ಚುವುದಿಲ್ಲ, ನಾವೆಲ್ಲ ಅವನನ್ನು ಭಾಷಣ ಅಂತಲೇ ಕರೆಯುತ್ತಿದ್ದೆವು. ಅವನು ಕೌಂಟರಿನ ಮೇಲೆ ಕುಂಡೆ ಊರಿ ಹೇಳುತ್ತಾ ಹೋಗುವನು, ಉಳಿದವರು ಬರೆದುಕೊಳ್ಳುವರು. "ಸೇವಾ ಮನೋಭಾವ. ಕಾಮಾ. ಅನ್ಯ ಸಂಸ್ಕೃತಿಗಳ ಬಗ್ಗೆ ಗೌರವ. ಕಾಮಾ. ನಾಯಕತ್ವ ಗುಣ." ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ ಹನ್ನೆರಡು ಕಾಗದ ಒಂದೇ ಥರ.

ಅಂಥವರ ಮಧ್ಯಕ್ಕೆ ಬಂದವಳು ಅವಳು. ಎರಡನೇ ವರ್ಷದ ಹುಡುಗಿ, ಲೆಕ್ಕಶಾಸ್ತ್ರ ಓದುತ್ತಿದ್ದಳು. ಕೇಳಿದ್ದಕ್ಕಷ್ಟೇ ಉತ್ತರ, ಮಿಕ್ಕಂತೆ ತುಟಿ ಪಿಟಕ್ಕೆನ್ನುವುದಿಲ್ಲ. ಮಾತು ಕಲಿಸುವ ಜಾಗದಲ್ಲಿ ಮಾತೇ ಆಡದವಳು ಅಂತ ಭಾಷಣ ಅವಳಿಗೆ ಎರಡನೇ ದಿನವೇ ಸುಮ್ಮಕ್ಕ ಅಂತ ಹೆಸರಿಟ್ಟ. ಅವಳು ಅದಕ್ಕೂ ಸುಮ್ಮನಿದ್ದಳು.

ಸಂದರ್ಶನದ ದಿನ ಚಹಾ ಕೊಡುವುದಕ್ಕೆ ನಾನು ಒಳಗೆ ಹೋಗಿದ್ದೆ. ನಿರ್ದೇಶಕರು, "ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ?" ಅಂದರು. ಎಲ್ಲರೂ ಸಂಬಳ ಕೇಳುತ್ತಾರೆ, ರಜೆ ಕೇಳುತ್ತಾರೆ. ಇವಳು, "ನಮ್ಮ ಭಾಷೆದೇ ಪಾಠ ಇದೆಯಾ ಸಾರ್? ಎಷ್ಟು ನಿಧಾನವಾಗಿ ಹೇಳ್ತಾರೆ?" ಅಂದಳು. ನಿರ್ದೇಶಕರು ನಕ್ಕರು. "ಇದೆ. ಹೊರದೇಶದಿಂದ ಬಂದೋರಿಗೆ ಅಂತ ಮಾಡ್ಸಿದ್ದು. ನಿಮಗ್ಯಾಕಮ್ಮ ಅದು?" ಅವಳು ಬೆಳಿಗ್ಗೆ ಏಳರಿಂದ ಒಂಬತ್ತರ ಪಾಳಿ ಬೇಕು ಅಂದಳು. ಆ ಪಾಳಿ ಅಂದರೆ ಎಲ್ಲರೂ ಮಾರು ದೂರ ಓಡುತ್ತಿದ್ದರು, ಆ ಹೊತ್ತಿನಲ್ಲಿ ಅಲ್ಲಿ ಕಾಗೆಯೂ ಕೂಗುವುದಿಲ್ಲ. ಕೆಲಸ ಅಲ್ಲೇ ಸಿಕ್ಕಿತು.

ನಾನು ಏಳಕ್ಕೆ ಬಾಗಿಲು ತೆಗೆದು, ಕ್ಯಾನು ಹಿಡಿದು ಕೆಳಗೆ ನೀರಿಗೆ ಹೋಗಿ, ಮೆಟ್ಟಿಲು ಗುಡಿಸಿ ಮೇಲೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಮೂರನೇ ವಾರದಲ್ಲಿ ಒಂದು ದಿನ ಸೊಂಟ ನೋವು ಅಂತ ಗುಡಿಸದೆ ಮೇಲೆ ಬಂದೆ. ಏಳನೇ ಬೂತಿನಲ್ಲಿ ಯಾರೋ ಗಂಡಸು ಕೂತಿದ್ದಾನೆ. ಐವತ್ತು ದಾಟಿದ ಮನುಷ್ಯ. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿದೆ, ಬಾಯಿ ಒಂದು ಕಡೆಗೆ ಎಳೆದಿದೆ, ತಲೆಗೆ ನಮ್ಮ ಹೆಡ್‌ಫೋನು. ಸುಮ್ಮಕ್ಕ ಪಕ್ಕದಲ್ಲಿ ನಿಂತು ಅವನ ಭುಜದ ಮೇಲೆ ಕೈ ಇಟ್ಟಿದ್ದಾಳೆ.

"ಏನೇ ಇದು? ಯಾರಿವರು? ಇದೇನು ಧರ್ಮಛತ್ರನಾ?" ಅಂತ ನಾನು ಹರಿಹಾಯ್ದೆ. ಕಾರ್ಡ್ ಇಲ್ಲದವರು ಒಳಗೆ ಕಾಲಿಡಬಾರದು ಅನ್ನುವುದು ಬಾಗಿಲ ಮೇಲೇ ಬರೆದಿದೆ.

"ನಮ್ಮಪ್ಪ ಅಕ್ಕ," ಅಂದಳು. ಅಷ್ಟೇ. ನಾನು ಮತ್ತೆ ಕೂಗಲು ಬಾಯಿ ತೆಗೆದೆ. ಆ ಮನುಷ್ಯ ನನ್ನ ಕಡೆ ತಿರುಗಿ, ಎಡಗೈ ಎತ್ತಿ, ತುಂಬ ಮರ್ಯಾದೆಯಿಂದ, "ಒಂದು ಸಾರಿ, ಎರಡು ಸಾರಿ, ಮೂರು ಸಾರಿ," ಅಂದ. ಹುಚ್ಚನೇ ಇರಬೇಕು ಅಂದುಕೊಂಡೆ, ಸುಳ್ಳು ಹೇಳುವುದಿಲ್ಲ.

ಅವತ್ತು ಅವಳು ಮಾತಾಡಿದಷ್ಟು ಅದಕ್ಕೆ ಮುಂಚೆ ಆಡಿರಲಿಲ್ಲ. ಅವಳಪ್ಪ ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಮಾರುಕಟ್ಟೆಯವರೆಲ್ಲ ಅವನನ್ನು ಗಂಟಲು ಅಂತ ಕರೆಯುತ್ತಿದ್ದರಂತೆ. ಅವನು ಕೂಗಿದರೆ ಮೂರು ಬೀದಿ ಆಚೆ ಲಾರಿಯವನು ತಿರುಗಿ ನೋಡುತ್ತಿದ್ದ. ಇವಳು ಚಿಕ್ಕವಳಿದ್ದಾಗ ಶಾಲೆಗೆ ಮುಂಚೆ ಅಪ್ಪನ ಜೊತೆ ಹೋಗಿ ಮೂಟೆಗಳ ಮೇಲೆ ಕೂತು ದರ ಕೇಳಿ ಕೇಳಿಯೇ ಕೂಡುವುದು ಕಳೆಯುವುದು ಕಲಿತದ್ದು. ಮನೆಯಲ್ಲಿ ಇಬ್ಬರ ಮಾತೂ ಅವನೇ ಆಡುತ್ತಿದ್ದನಂತೆ, ಅದಕ್ಕೇ ಇವಳಿಗೆ ಮಾತಿನ ಅಗತ್ಯ ಬೀಳಲಿಲ್ಲ. ಐದು ತಿಂಗಳ ಹಿಂದೆ ಹರಾಜಿನ ಮಧ್ಯೆಯೇ ಲಕ್ವ ಹೊಡೆಯಿತು. ಬಲಗಡೆ ಹೋಯಿತು, ಮಾತು ಹೋಯಿತು. ಉಳಿದದ್ದು ಹರಾಜು ಮುಗಿಸುವ ಆ ಒಂದು ಸಾಲು. ನೀರು ಬೇಕಾ ಅಂದರೂ ಅದೇ, ಕಾಲು ನೋಯುತ್ತಾ ಅಂದರೂ ಅದೇ. ತಲೆಯೊಳಗೆ ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ಅದೊಂದೇ.

"ಆಸ್ಪತ್ರೆಲಿ ಮಾತು ಕಲಿಸೋ ಡಾಕ್ಟರ್ ಒಬ್ಬರೇ ಅಕ್ಕ. ಆರು ವಾರಕ್ಕೊಂದು ಸಲ ಅರ್ಧ ಗಂಟೆ ಸಿಗುತ್ತೆ. ಮೊದಲನೇ ವರ್ಷದಲ್ಲಿ ಎಷ್ಟು ಬರುತ್ತೋ ಅಷ್ಟೇ, ಆಮೇಲೆ ತುಂಬ ಕಷ್ಟ ಅಂದ್ರು. ದಿನಾ ಕೇಳಿಸಿ ದಿನಾ ಹೇಳಿಸಿ ಅಂದ್ರು."

"ಅದನ್ನ ಮನೇಲಿ ಮಾಡೋಕೇನು ರೋಗ?"

"ಮನೆ ಕೆಳಗೆ ಟ್ರಂಕು ಮಾಡೋ ಅಂಗಡಿ. ಬೆಳಿಗ್ಗೆಯಿಂದ ತಗಡು ಬಡೀತಾರೆ. ಅದೂ ಅಲ್ದೆ ಅಪ್ಪ ಮನೇಲಿ ಬಾಯೇ ಬಿಡಲ್ಲ. ಅಕ್ಕಪಕ್ಕದವರಿಗೆ ಕೇಳಿಸುತ್ತೆ ಅಂತ. ಇಲ್ಲಿ ಬಾಗಿಲು ಹಾಕಿದ್ರೆ ಯಾರಿಗೂ ಕೇಳ್ಸಲ್ಲ."

ನಲವತ್ತೆರಡು ಮೆಟ್ಟಿಲು. ಎಡಗೈಯಲ್ಲಿ ಕಂಬಿ ಹಿಡಿದು, ಬಲಗಾಲು ಎಳೆದುಕೊಂಡು, ಆ ಮನುಷ್ಯ ದಿನಾ ಅಷ್ಟನ್ನೂ ಹತ್ತುತ್ತಿದ್ದ. ನನ್ನ ಸೊಂಟ ನೋವಿನ ಮೇಲೆ ನನಗೇ ನಾಚಿಕೆಯಾಯಿತು. ಭಾಷಾ ಕೇಂದ್ರದ ಕೆಲಸಕ್ಕೆ ಸೇರಲು ಒಬ್ಬರಿಗಾದರೂ ಸರಿಯಾದ ಕಾರಣ ಇದ್ದರೆ ಇದೇ ಅನ್ನಿಸಿತು. "ಅಳಬೇಡ ಸುಮ್ನಿರು," ಅಂದೆ. ಅವಳು ಅಳುತ್ತಿರಲಿಲ್ಲ, ಅಳುತ್ತಿದ್ದವಳು ನಾನು. "ನಿರ್ದೇಶಕರು ಹತ್ತರ ಮುಂಚೆ ಈ ಕಡೆ ತಲೆ ಹಾಕಲ್ಲ. ಕರ್ಕೊಂಡು ಬಾ. ನಾನಿದ್ದೀನಿ."

ನಾನಿದ್ದೀನಿ ಅಂದೆ. ಕೇಳಿಸಿಕೊಳ್ಳಿ, ಈ ಬಾಯಲ್ಲೇ ಅಂದೆ.

ಆ ಪಾಠ ಹೇಳುವ ಗಂಡಸಿನ ದನಿ ಕೇಳಿದರೆ ನಗು ಬರುತ್ತದೆ. ಕಿವುಡರ ಊರಿಗೆ ಬಂದವನ ಹಾಗೆ, "ಇದು... ಲೋಟ. ಇದು... ಬಾಗಿಲು," ಅನ್ನುತ್ತಾನೆ. ಪರದೆಯ ಮೇಲೆ ಲೋಟದ ಚಿತ್ರ. ಆಮೇಲೆ ಟಿಣ್ ಅಂತ ಗಂಟೆಯ ಸದ್ದು, ಆಗ ನೀವು ಹೇಳಬೇಕು. ಮಾರುಕಟ್ಟೆಯ ಗಂಟಲು ಎಷ್ಟು ತಿಣುಕಿದರೂ ಬರುವುದು, "ಒಂದು ಸಾರಿ." ಮೊದಲ ಸಲ ತನ್ನ ದನಿ ಕಿವಿಗೆ ವಾಪಸು ಬಂದಾಗ ಅವನು ಹೆಡ್‌ಫೋನ್ ಕಿತ್ತು ಗೋಡೆಗೆ ಎಸೆದ. ಅದರ ಕಿವಿಯ ಸ್ಪಂಜು ಹರಿಯಿತು, ನಾನೇ ಟೇಪು ಸುತ್ತಿದೆ. ಮಾರನೆಯ ದಿನ ಬರುವುದಿಲ್ಲ ಅಂದುಕೊಂಡೆ. ಏಳಕ್ಕೆ ಐದು ನಿಮಿಷ ಇರುವಾಗಲೇ ಬಾಗಿಲ ಮುಂದೆ ನಿಂತಿದ್ದ, ತಲೆ ಬಾಚಿಕೊಂಡು, ಶರ್ಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡು, ಶಾಲೆಗೆ ಬಂದ ಹುಡುಗನ ಹಾಗೆ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಲೋಟ ಅಂದ. ಸರಿಯಾಗಿ ಅಲ್ಲ, "ಓಟ" ಅಂದ. ಆದರೆ ಲೋಟಕ್ಕೇ ಅಂದ. ಸುಮ್ಮಕ್ಕ ಬೂತಿನಿಂದ ಹೊರಗೆ ಓಡಿಬಂದು ನನ್ನನ್ನು ಅಪ್ಪಿಕೊಂಡಳು, ನನ್ನ ಕೈಯಲ್ಲಿದ್ದ ಕ್ಯಾನಿನ ನೀರೆಲ್ಲ ಇಬ್ಬರ ಮೈಮೇಲೆ. ಆಮೇಲೆ ಒಂದೊಂದೇ ಬಂದವು. ಬಾಗಿಲು. ಕೈ. ನಾನು ಚಹಾ ಕೊಟ್ಟರೆ "ಬಿಸಿ" ಅಂದ. ಮಾತು ಬಂದರೆ ಸಾಕೇ, ಸಿಟ್ಟೂ ಬರಬೇಕಲ್ಲ? ಮನೆಯಲ್ಲಿ ಒಂದು ಮಧ್ಯಾಹ್ನ ಹೆಂಡತಿಗೆ "ಉಪ್ಪು ಕಮ್ಮಿ" ಅಂದನಂತೆ. ಅವಳು ಒಲೆಯ ಮುಂದೆ ಕೂತು ಗೊಳೋ ಅಂತ ಅತ್ತಳಂತೆ. ಅಡುಗೆ ಚೆನ್ನಾಗಿಲ್ಲ ಅಂದಿದ್ದಕ್ಕೆ ಖುಷಿಯಿಂದ ಅತ್ತ ಹೆಂಗಸು ಲೋಕದಲ್ಲಿ ಅವಳೊಬ್ಬಳೇ ಇರಬೇಕು.

ಲಕ್ವ ಹೊಡೆದು ಒಂಬತ್ತು ತಿಂಗಳಾಗುವ ಹೊತ್ತಿಗೆ ಅವನ ಬಾಯಲ್ಲಿ ಅರವತ್ತು ಎಪ್ಪತ್ತು ಮಾತಿದ್ದವು. ಎರಡೆರಡು ಪದ ಜೋಡಿಸುತ್ತಿದ್ದ. ಮಗಳ ಹೆಸರು ಮಾತ್ರ ಬರುತ್ತಿರಲಿಲ್ಲ, "ಇದು" ಅನ್ನುತ್ತಿದ್ದ. "ಹೆಸರು ಬರದೇ ಇದ್ರೂ ಪರವಾಗಿಲ್ಲ ಅಕ್ಕ," ಅನ್ನುತ್ತಿದ್ದಳು ಸುಮ್ಮಕ್ಕ. "ಎಲ್ಲಿ ನೋಯ್ತಿದೆ, ಏನು ಬೇಕು, ಅಷ್ಟು ಬಾಯ್ಬಿಟ್ಟು ಹೇಳೋ ಹಾಗಾದ್ರೆ ಸಾಕು. ಇನ್ನು ಮೂರು ತಿಂಗಳಿದೆ." ಆ ಮೂರು ತಿಂಗಳನ್ನು ಅವಳು ಎಣಿಸಿಕೊಂಡು ಕೂತಿದ್ದಳು.

ಆಗ ಬಂತು ನೋಡಿ, ಪ್ರೇರಣೆಯ ಕಾಗದ.

ಆ ವರ್ಷ ಅದಕ್ಕೆ ಭಾರೀ ಮರ್ಯಾದೆ. ನಿರ್ದೇಶಕರು ಎಲ್ಲೋ ದೊಡ್ಡ ಸಮ್ಮೇಳನಕ್ಕೆ ಹೋಗಿ, ವಿದ್ಯಾರ್ಥಿಗಳು ಇಂಥ ಕೇಂದ್ರಗಳಲ್ಲಿ ಯಾಕೆ ದುಡಿಯುತ್ತಾರೆ ಅಂತ ಪ್ರಬಂಧ ಓದುವವರಿದ್ದರು. "ದಯವಿಟ್ಟು ಮನಸ್ಸು ಬಿಚ್ಚಿ ಬರೀರಿ," ಅಂತ ಸಭೆ ಕರೆದು ಹೇಳಿದರು. ನಾಜೂಕಿನ ಮನುಷ್ಯ, ಬೈಯುವಾಗಲೂ ದಯವಿಟ್ಟು ಸೇರಿಸುತ್ತಾರೆ. ಭಾಷಣ ಎಂದಿನಂತೆ ಕೌಂಟರ್ ಹತ್ತಿ ಕಾಮಾ ಸಮೇತ ಹೇಳಿಕೊಡಲು ಶುರುಮಾಡಿದ.

ಸುಮ್ಮಕ್ಕ ಕಾಗದ ಹಿಡಿದು ನನ್ನ ಹತ್ತಿರ ಬಂದಳು. "ಏನು ಬರೀಲಿ ಅಕ್ಕ? ಭಾಷಣ ಹೇಳಿದ್ದನ್ನೇ ಬರೆದುಬಿಡ್ಲಾ?"

ಹೌದು ಬರೆದು ಬಿಸಾಕು ಅಂದಿದ್ದರೆ ಮುಗಿದಿತ್ತು. ನನಗೆ ಎಲ್ಲಿತ್ತೋ ಬುದ್ಧಿ! ನನ್ನ ತಲೆಯಲ್ಲಿ ಬೇರೆ ಲೆಕ್ಕ. ನಿರ್ದೇಶಕರು ಮೆತ್ತಗಿನ ಮನುಷ್ಯ, ಇದನ್ನು ಓದಿದರೆ ಕರಗುತ್ತಾರೆ. ಕರಗಿ, ಬೆಳಗಿನ ಎರಡು ಗಂಟೆ ಮಾತ್ರ ಯಾಕೆ, ಮಧ್ಯಾಹ್ನವೂ ಬೂತು ಖಾಲಿ ಇರುತ್ತಲ್ಲ, ಆಗಲೂ ಕರೆತನ್ನಿ ಅಂತ ಬರೆದುಕೊಡುತ್ತಾರೆ. ಮೂರು ತಿಂಗಳಲ್ಲಿ ಎರಡರಷ್ಟು ಪಾಠ ಆಗುತ್ತದೆ. "ಹೆಸರು ಬರೀಬೇಕಾಗಿಲ್ಲ ಅಂತ ಅವರೇ ಹೇಳಿದ್ದಾರಲ್ಲೇ ಮಗಾ," ಅಂದೆ. "ಇದ್ದದ್ದನ್ನ ಇದ್ದ ಹಾಗೆ ಬರಿ. ಒಳ್ಳೇದೇ ಆಗುತ್ತೆ." ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ.

ಅವಳು ಹಿಂದೆ ಮುಂದೆ ಎರಡೂ ಪುಟ ತುಂಬಿಸಿದಳು. ಅಷ್ಟು ಮಾತು ಅವಳೊಳಗಿತ್ತು ಅಂತ ಯಾರಿಗೆ ಗೊತ್ತಿತ್ತು! ನನ್ನ ಹೆಸರನ್ನು ಮಾತ್ರ ಎಲ್ಲೂ ತರಲಿಲ್ಲ. ಬಾಗಿಲು ತೆರೆದಿತ್ತು ಅಂತಷ್ಟೇ ಬರೆದಿದ್ದಳು.

ಹೆಸರಿಲ್ಲದಿದ್ದರೇನು, ಬೆಳಗಿನ ಪಾಳಿಯವಳು ಒಬ್ಬಳೇ. ನಾನು ಅಷ್ಟೂ ಯೋಚಿಸಲಿಲ್ಲ. ಹತ್ತೊಂಬತ್ತು ವರ್ಷ ಆ ಡಬ್ಬಿ ಒರೆಸಿದ್ದು ದಂಡ.

ಒಂದು ವಾರದ ಮೇಲೆ ನಿರ್ದೇಶಕರು ನನ್ನನ್ನು ಒಳಗೆ ಕರೆದರು. ಕೂತ್ಕೊಳ್ಳಿ ಅಂದರು. ನನಗೆ ಕೂರಲು ಹೇಳಿದ್ದು ಅದೇ ಮೊದಲು. ಮೇಜಿನ ಮೇಲೆ ಎರಡು ಪುಟದ ಆ ಕಾಗದ. ಅದರ ಪಕ್ಕದಲ್ಲಿ ನೀಲಿ ದಾರ ಕಟ್ಟಿದ ಒಂದು ಫೈಲು. ಆ ಫೈಲು ನನ್ನದು. ಹತ್ತೊಂಬತ್ತು ವರ್ಷ ಹಂಗಾಮಿಯಾಗಿ ದುಡಿದವಳನ್ನು ಕಾಯಂ ಮಾಡುವ ಆದೇಶ ಎಲ್ಲ ಮೇಜು ದಾಟಿ ಕೊನೆಯ ಸಹಿಗೆ ಅಲ್ಲಿ ಬಂದು ಕೂತಿತ್ತು. ಗಂಡ ಹೋದ ಮೇಲೆ ಎರಡು ಮಕ್ಕಳನ್ನು ಈ ಗುಡಿಸುವ ಕೆಲಸದಲ್ಲೇ ದಡ ಮುಟ್ಟಿಸಿದವಳು ನಾನು. ಕೈಕಾಲು ಬಿದ್ದ ಮೇಲೆ ಮಕ್ಕಳ ಮುಂದೆ ಕೈ ಚಾಚಬಾರದು ಅನ್ನುವುದೊಂದೇ ನನ್ನ ಆಸೆ.

"ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತಮ್ಮ," ಅಂದರು. ನಿಜವಾಗಿ ಕಣ್ಣು ಕೆಂಪಗಿತ್ತು, ಆ ಮಾತಿಗೆ ನಾನು ಅನ್ಯಾಯ ಮಾಡುವುದಿಲ್ಲ. "ಇಷ್ಟು ವರ್ಷದಲ್ಲಿ ಇದೊಂದೇ ನಿಜವಾದ ಉತ್ತರ. ಆದ್ರೆ ನೋಡಿ, ಹೊರಗಿನವರು, ಅದೂ ಕಾಯಿಲೆಯವರು. ಬೂತಲ್ಲಿ ಬಿದ್ದು ಏನಾದ್ರೂ ಆಗಿದ್ರೆ ಯಾರು ಜವಾಬ್ದಾರಿ?"

ನಾನು ತಲೆ ತಗ್ಗಿಸಿದೆ.

"ಒಂದು ಮಾತು ದಯವಿಟ್ಟು ಹೇಳಿ. ನಿಮಗಿದು ಗೊತ್ತಿತ್ತಾ? ಗೊತ್ತಿತ್ತು ಅಂದ್ರೆ ಕೇಂದ್ರದ ಸಿಬ್ಬಂದಿ ಎದುರಲ್ಲೇ ನಡೀತು ಅಂತಾಗುತ್ತೆ. ಆಗ ನಾನು ಮೇಲಿನವರಿಗೆ ಬರೆದು ಏನಾದ್ರೂ ದಾರಿ ಹುಡುಕಬಹುದು. ನಿಮ್ಮಿಂದ ಒಂದು ವಿವರಣೆ ಬರೆಸ್ಕೊಂಡು ಫೈಲಿಗೆ ಹಾಕಬೇಕಾಗುತ್ತೆ, ಅಷ್ಟೇ. ಗೊತ್ತಿರಲಿಲ್ಲ ಅಂದ್ರೆ ಅವಳು ಕದ್ದು ಒಳಗೆ ಬಿಟ್ಟ ಹಾಗಾಗುತ್ತೆ."

ಫೈಲಿಗೆ. ಅಷ್ಟೇ. ನನ್ನ ಕಣ್ಣು ಆ ನೀಲಿ ದಾರವನ್ನು ಬಿಟ್ಟು ಅಲ್ಲಾಡಲಿಲ್ಲ. ವಿವರಣೆ ಇರುವ ಫೈಲಿಗೆ ಸಹಿ ಬೀಳುವುದಿಲ್ಲ ಅಂತ ಯಾವ ಅಟೆಂಡರನ್ನು ಕೇಳಿದರೂ ಹೇಳುತ್ತಾನೆ.

"ಇಲ್ಲ ಸಾರ್," ಅಂದೆ. "ನಾನು ಬಾಗಿಲು ತೆಗೆದು ಕೆಳಗೆ ನೀರಿಗೆ ಹೋಗ್ತೀನಿ. ನನಗೇನೂ ಗೊತ್ತಿಲ್ಲ."

ಅವರು ಗಂಟೆ ಒತ್ತಿ ಅವಳನ್ನೂ ಕರೆಸಿದರು. ನಾನು ಅಲ್ಲೇ ಕೂತಿದ್ದೆ, ಹೊರಗೆ ಹೋಗಿ ಅಂತ ಯಾರೂ ಹೇಳಲಿಲ್ಲ. ಬಂದಾಗ ಅವಳ ಮುಖದಲ್ಲಿ ಬೆಳಕಿತ್ತು. ಅಪ್ಪಣೆ ಸಿಕ್ಕಿತು ಅಂದುಕೊಂಡೇ ಬಂದಿದ್ದಳು. ನನ್ನನ್ನು ಕುರ್ಚಿಯ ಮೇಲೆ ನೋಡಿ ಅರೆನಗೆ ನಕ್ಕಳು ಕೂಡ.

"ಅಟೆಂಡರಿಗೆ ಇದೇನೂ ಗೊತ್ತೇ ಇರಲಿಲ್ಲ ಅಂತಾರೆ. ಹೌದೇನಮ್ಮ?"

ಅವಳು ನನ್ನನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ, ನಾನು ನೆಲ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ನನ್ನ ಕೈ ಸೊಂಟದ ಬೀಗದ ಗೊಂಚಲು ಹಿಡಿದುಕೊಂಡಿತ್ತು. ಆಮೇಲೆ ಅವಳ ದನಿ ಬಂತು, ಎಂದಿನ ಸಣ್ಣ ದನಿ. "ಹೌದು ಸಾರ್. ಅವರಿಗೆ ಗೊತ್ತಿರಲಿಲ್ಲ."

ಎರಡು ಪುಟ ಸತ್ಯ ಬರೆದವಳು ಒಂದೇ ಒಂದು ಸುಳ್ಳು ಹೇಳಿದಳು, ಅದೂ ನನಗೋಸ್ಕರ. ಆ ಸುಳ್ಳಿಗೇ ಅವಳ ಕೆಲಸ ಹೋಯಿತು.

ಹೋಗುವ ಮುಂಚೆ, ಆ ಪಾಠಗಳನ್ನಾದರೂ ಒಂದು ಕಾಪಿ ಕೊಡಿ ಅಂತ ಕೇಳಿದಳಂತೆ. ಹಕ್ಕುಸ್ವಾಮ್ಯ ಅಂದರಂತೆ ನಿರ್ದೇಶಕರು, ದಯವಿಟ್ಟು ಬೇಜಾರು ಮಾಡ್ಕೋಬೇಡಿ ಅಂದರಂತೆ. ಮಾರನೆಯ ದಿನ ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಹೊಸ ಬೀಗ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅಂತಾರಲ್ಲ, ಇಲ್ಲಿ ಕೊಳ್ಳೆ ಹೋಗಿದ್ದಾದರೂ ಏನು? ಒಂದಷ್ಟು ಮಾತು. ಬೆಳಗಿನ ಪಾಳಿಯನ್ನೇ ತೆಗೆದುಹಾಕಿದರು, ಜನ ಬರುವುದಿಲ್ಲ ಅಂತ ಕಾರಣ ಕೊಟ್ಟು.

ಸಮ್ಮೇಳನಕ್ಕೆ ಭಾಷಣನೂ ಜೊತೆಗೆ ಹೋಗಿದ್ದ. ಬಂದವನೇ ನನ್ನ ಹತ್ತಿರ ಓಡಿಬಂದ. "ಅಕ್ಕ, ಸುಮ್ಮಕ್ಕ ಬರೆದಿದ್ದನ್ನ ಸಾರ್ ದೊಡ್ಡ ಪರದೆ ಮೇಲೆ ಹಾಕಿದ್ರು. ಕೆಲವರು ಅತ್ತೇಬಿಟ್ರು. ಎಲ್ಲರೂ ಎದ್ದು ನಿಂತು ಚಪ್ಪಾಳೆ!"

"ಅವಳನ್ನ ತೆಗೆದುಹಾಕಿದ್ದನ್ನೂ ಹಾಕಿದ್ರಾ ಪರದೆ ಮೇಲೆ?" ಅಂದೆ.

ಅವನು ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿದ. ಪಾಪ, ಅವನನ್ನು ಬೈದು ನನಗೇನು ಸಿಗಬೇಕಿತ್ತು. ಸತ್ಯಕ್ಕೆ ಸಾವಿಲ್ಲ ಅಂತಾರೆ. ಸತ್ಯಕ್ಕೆ ಚಪ್ಪಾಳೆಯೂ ಉಂಟು. ಬರೆದವಳಿಗೆ ಮಾತ್ರ ಏನೂ ಇಲ್ಲ.

ನನ್ನ ಆದೇಶ ಅದೇ ತಿಂಗಳು ಬಂತು. ಮಕ್ಕಳು ಸಿಹಿ ತಂದರು. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲ ಅಂತ ಉಗುಳಲೂ ಇಲ್ಲ, ತಿಂದೆ.

ಅವಳ ಮನೆಗೆ ಹೋಗಬೇಕು ಅಂತ ದಿನಾ ಅಂದುಕೊಂಡು ನಾಲ್ಕು ತಿಂಗಳು ಕಳೆದೆ. ಆ ಮೂರು ತಿಂಗಳ ಗಡುವೂ ಮುಗಿದಿತ್ತು. ಕೊನೆಗೆ ಒಂದು ಬುಧವಾರ ಕೆಲಸಕ್ಕೆ ಹೋಗುವ ದಾರಿಯಲ್ಲೇ ಹೋದೆ, ಬೆಳಿಗ್ಗೆ ಆರೂಕಾಲಿಗೆ. ಕೈಯಲ್ಲಿ ಒಂದು ಚೀಲ ಹಣ್ಣು. ಟ್ರಂಕಿನ ಅಂಗಡಿ ಇನ್ನೂ ತೆರೆದಿರಲಿಲ್ಲ, ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದೆ. ಅವಳೇ ಬಾಗಿಲು ತೆಗೆದಳು. ಓದು ಬಿಟ್ಟು ಬಟ್ಟೆ ಅಂಗಡಿಗೆ ಸೇರಿದ್ದಳು, ಆ ಅಂಗಡಿಯ ಸಮವಸ್ತ್ರದಲ್ಲೇ ಇದ್ದಳು. "ಬನ್ನಿ ಅಕ್ಕ," ಅಂದಳು. ಒಂದೇ ಕೋಣೆ. ತಾಯಿ ಒಲೆಯ ಹತ್ತಿರ. ಅಪ್ಪ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ.

"ಹೇಗಿದ್ದಾರೆ?" ಅಂದೆ.

"ಹೊಸದು ಯಾವುದೂ ಬರಲಿಲ್ಲ. ಇದ್ದದ್ದೂ ಕೆಲವು ಹೋದವು. ಮನೇಲಿ ಬಾಯಿ ಬಿಡಲ್ಲ ಅಂದಿದ್ನಲ್ಲ." ಅಂಗಡಿಯಲ್ಲಿ ಸೀರೆಯ ಬೆಲೆ ಹೇಳುವ ಹಾಗೆ ಹೇಳಿದಳು.

ನಾನು ಹಣ್ಣಿನ ಚೀಲ ಕೆಳಗಿಟ್ಟೆ. ನಾಲ್ಕು ತಿಂಗಳಿಂದ ಬಾಯಿಪಾಠ ಮಾಡಿದ ಮಾತು ಶುರುಮಾಡಿದೆ. "ಅವತ್ತು ನಾನು... ನನ್ನ ಬಾಯಿಗೆ ಹುಳ ಬೀಳ, ನಾನು..."

"ಬಿಡಿ ಅಕ್ಕ," ಅಂದಳು. "ಕಾಯಂ ಆಯ್ತಾ?"

"ಆಯ್ತು."

"ಒಳ್ಳೇದಾಯ್ತು."

ಆ ಮಾತಿನಲ್ಲಿ ಕೊಂಕಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ, ಕೆನ್ನೆಗೆ ಎರಡು ಬಾರಿಸಿದ್ದರೆ, ಆ ನೋವನ್ನಾದರೂ ಮನೆಗೆ ಒಯ್ಯುತ್ತಿದ್ದೆ.

ಹೊರಡಲು ಎದ್ದೆ. ಸೊಂಟದ ಗೊಂಚಲು ಸದ್ದು ಮಾಡಿತು. ಅವಳಪ್ಪ ತಿರುಗಿ ನೋಡಿದ. ನನ್ನ ಗುರುತು ಹಿಡಿದ. ಮುಖದ ಸರಿಯಿದ್ದ ಅರ್ಧ ಅರಳಿತು. ಎಡಗೈ ಊರಿ ಎದ್ದ. ಗೂಟದ ಮೇಲಿದ್ದ ಶರ್ಟು ಎಳೆದುಕೊಂಡ, ಸತ್ತ ಕೈಗೆ ಮೊದಲು ತೋಳು ತೂರಿಸಿದ, ಗುಂಡಿ ಒಂದೊಂದೇ ಹಾಕುತ್ತಾ ಬಂದ, ಕುತ್ತಿಗೆಯವರೆಗೂ. ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡಿದ.

"ಇವತ್ತು ರಜೆ ಅಪ್ಪ," ಅಂದಳು ಸುಮ್ಮಕ್ಕ.

ಅವನು ನನ್ನ ಕಡೆಯೇ ನೋಡುತ್ತಿದ್ದ, ನಾನು ಬೇರೆ ಏನಾದರೂ ಹೇಳುತ್ತೇನೋ ಅಂತ. ನಾನು ಹೇಳಲಿಲ್ಲ.

"ದಿನಾ ಹೀಗೇನಾ?" ಅಂತ ಅವಳ ಕಿವಿಯ ಹತ್ತಿರ ಕೇಳಿದೆ.

"ದಿನಾ. ಆರೂವರೆಗೆ ಸರಿಯಾಗಿ ಎದ್ದು ರೆಡಿಯಾಗ್ತಾರೆ. ನಾನು ದಿನಾ ರಜೆ ಅಂತೀನಿ." ಆಮೇಲೆ ಅಪ್ಪನ ಹತ್ತಿರ ಹೋಗಿ ಮೇಲಿನಿಂದ ಗುಂಡಿ ಬಿಚ್ಚತೊಡಗಿದಳು. ಅವನು ಸುಮ್ಮನೆ ಬಿಚ್ಚಿಸಿಕೊಂಡ.

ನಾನು ಮೆಟ್ಟಿಲಿಳಿದು ಬಂದೆ. ಗುಡಿಸುವುದಕ್ಕೆ ಈಗಲೂ ಏಳಕ್ಕೇ ಹೋಗಿ ಬಾಗಿಲು ತೆಗೆಯಬೇಕಿತ್ತು. ಒಂಬತ್ತರವರೆಗೆ ಈಗ ಅಲ್ಲಿ ಯಾರೂ ಬರುವುದಿಲ್ಲ, ಹನ್ನೆರಡು ಬೂತೂ ಖಾಲಿ.